ನಾಲ್ಕು ಊರಿನ ಹಾಡಿಕೆ, ಮಾವನ ಗಂಟಲು

ಮೊದಲೇ ಹೇಳಿಬಿಡುತ್ತೇನೆ. ಆ ಬೇಸಿಗೆಯಲ್ಲಿ ಮಾವನ ಗಂಟಲು ಕೆಡಿಸಿದವನೂ ನಾನೇ, ಆಮೇಲೆ ಆ ಗಂಟಲನ್ನು ಕದ್ದವನೂ ನಾನೇ. ಎರಡನ್ನೂ ಭಾರಿ ಜಾಣತನದಿಂದ ಮಾಡುತ್ತಿದ್ದೇನೆಂದು ತಿಳಿದುಕೊಂಡಿದ್ದೆ. ಅಣಕು ಮಾಡುವವರ ಹಣೆಬರಹವೇ ಇಷ್ಟು. ಊರಿನವರ ದನಿಯೆಲ್ಲ ಬಾಯಲ್ಲಿರುತ್ತದೆ, ಬುದ್ಧಿ ಮಾತ್ರ ಯಾರದೂ ಬರುವುದಿಲ್ಲ.

ಎಪ್ಪತ್ತರ ದಶಕದ ಮಾತು. ಲಚ್ಯಾಣದ ನಮ್ಮ ಗೀಗೀ ಮೇಳದಲ್ಲಿ ಮೂರೇ ಮಂದಿ. ಮುಂದೆ ದಪ್ಪು ಬಾರಿಸುತ್ತ ಹಾಡುವವನು ನನ್ನ ಸೋದರಮಾವ. ಹಿಂದೆ ತಾಳ ಹಾಕುವ ಕಾಕಾ, ಊರಿನವರ ಅಂಗಿ ಹೊಲಿಯುವವನು. ಅವನ ಪಕ್ಕ ಒಂಟಿ ತಂತಿಯ ತುಂತುಣಿ ಮೀಟುವ ನಾನು. ಮಾವ ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವಾಗ ಆ ಸಾಲಿನ ಬಾಲ ಹಿಡಿದು ನಾವಿಬ್ಬರೂ ‘ಜೀ’ ಎಂದು ಎಳೆಯಬೇಕು. ನಮ್ಮ ಸಂಗೀತವೆಂದರೆ ಅಷ್ಟೇ. ಎತ್ತಿಗೆ ಕಲಿಸಿದರೂ ಬರುವಂಥದ್ದು, ನನಗೆ ಮಾತ್ರ ಎರಡು ವರ್ಷ ಹಿಡಿಯಿತು.

ನಮ್ಮದು ಹರದೇಶಿ ಪಕ್ಷ. ಗಂಡು ಹೆಚ್ಚು ಎಂದು ಹಾಡಿ ಸಾಧಿಸುವವರು. ಎದುರಿನವರು ನಾಗೇಶಿ, ಹೆಣ್ಣು ಹೆಚ್ಚು ಎನ್ನುವವರು. ಒಬ್ಬರು ಪದದಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು, ಅದೂ ದಪ್ಪಿನ ಪೆಟ್ಟು ಮೂರು ಸುತ್ತು ಮುಗಿಯುವುದರೊಳಗೆ. ಮನೆಯಲ್ಲಿ ಅತ್ತೆಯ ಮುಂದೆ ಉಪ್ಪು ಕಡಿಮೆಯಾಗಿದೆ ಎನ್ನಲೂ ಹೆದರುವ ಮಾವ ಹಾಡಿಕೆಗೆ ನಿಂತನೆಂದರೆ ಗಂಡಿನ ಪರವಾಗಿ ಗುಡುಗುತ್ತಿದ್ದ. ನಮ್ಮ ಕಾಯಂ ಎದುರಾಳಿ ಮೋರಟಗಿ ಕಡೆಯ ಒಬ್ಬ ಹೆಣ್ಣುಮಗಳು. ಸುತ್ತಲಿನವರೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವರ ಹಿಂದೆ ತಾಳಕ್ಕೆ ತಂಗಿ, ತುಂತುಣಿಗೆ ಗಂಡ. ಹೆಣ್ಣೇ ಹೆಚ್ಚು ಎಂಬ ಪದಕ್ಕೆ ಆ ಗಂಡ ಎಳೆಯುತ್ತಿದ್ದ ‘ಜೀ’ಯಲ್ಲಿ ಇದ್ದ ನಂಬಿಕೆ ಮಾವನ ಯಾವ ಪದದಲ್ಲೂ ಇರಲಿಲ್ಲ.

ಆ ಬೇಸಿಗೆ ಇಬ್ಬರಿಗೂ ನಾಲ್ಕು ಕಡೆ ಒಟ್ಟಿಗೆ ಕರೆ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಕಡೆಗೆ ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿ. ಹೊಲದಲ್ಲಿ ಕೆಲಸವಿಲ್ಲದ ದಿನಗಳು, ರಾತ್ರಿ ಕರೆಂಟು ನೆಚ್ಚುವಂತಿರಲಿಲ್ಲ. ಹಾಗಾಗಿ ಹೊತ್ತು ಇಳಿಯುತ್ತಲೇ ಶುರುಮಾಡಿ ದೀಪ ಹಚ್ಚುವುದರೊಳಗೆ ಮುಗಿಸುವ ಹಾಡಿಕೆ.

ಇಂಡಿಯ ಮಂದಿ ಪದ ಮುಗಿಯುವ ಮೊದಲೇ ಚಪ್ಪಾಳೆ ತಟ್ಟುತ್ತಾರೆ. ಹಾಡುವವರಿಗೆ ಅದು ಸುಖ, ಆದರೆ ಪದದ ಕೊನೆ ಯಾರಿಗೂ ಕೇಳಿಸುವುದಿಲ್ಲ. ಅಲ್ಲಿ ಅಂದು ಸೋಲು ಗೆಲುವು ಆಗಲಿಲ್ಲ. ಹಾಡಿಕೆ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತ ನಾನು ಅಕ್ಕನ ಅಣಕು ತೆಗೆದೆ. ಎಡಗೈ ಕಿವಿಗೆ ಹಚ್ಚುವುದು, ಸವಾಲು ಹಾಕುವ ಮೊದಲು ಸೆರಗು ಜಗ್ಗಿ ಸಿಗಿಸುವುದು, ಆಮೇಲೆ ಆ ಕಂಚಿನ ದನಿ. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಫಕ್ಕನೆ ನಿಂತಾಗ ತಿರುಗಿ ನೋಡಿದೆ. ಅಕ್ಕ ನಿಂತಿದ್ದರು.

ನನ್ನತ್ತ ನೋಡಲೇ ಇಲ್ಲ. ಮಾವನಿಗೆ ಹೇಳಿದರು: “ಮಾಸ್ತರ, ನಿಮ್ಮ ಮಂಗ್ಯಾ ಚಲೋ ಕುಣೀತೈತಿ. ನೀವು ಕುಣಿಯೂದು ಯಾವಾಗ್ರಿ?”

ಮಾವನಿಗೆ ಸಿಟ್ಟು ನೆತ್ತಿಗೇರಿತು. “ಇನ್ನ ಮೂರು ಊರು ಅದಾವ. ಯಾರು ಜವಾಬು ಕೊಡದ ನಿಂತಾರೋ ಅವರು ಅಲ್ಲೇ ದಪ್ಪು ಇಟ್ಟು ಹೋಗಬೇಕು. ಮತ್ತ ಜನ್ಮದಾಗ ಮುಟ್ಟಬಾರ್ದು. ಕರಾರ?”

“ಕರಾರ್ರಿ,” ಎಂದು ಅಕ್ಕ ಹೊರಟುಹೋದರು. ಅವರ ಗಂಡ ಮಾತ್ರ ನಿಂತು, ಪಾಪ, ನನ್ನ ಭುಜ ತಟ್ಟಿ, “ಸೆರಗು ಸಿಗಸೂದು ಥೇಟ್ ಬಂತು ನೋಡು,” ಎಂದ.

ಆ ದಪ್ಪು ಮಾವನ ಗುರುವಿನದು. ಚರ್ಮ ಬದಲಾಗಿತ್ತು, ಕಟ್ಟಿಗೆಯ ಬಳೆ ಮಾತ್ರ ಗುರು ಹಿಡಿದದ್ದೇ. ಗುರು ಸತ್ತಾಗ ಅವರ ಸ್ವಂತ ಮಗನಿಗೆ ಕೊಡದೆ ಮಾವನಿಗೆ ಕೊಟ್ಟಿದ್ದರು. ಅದನ್ನು ಮಾವ ಪಣಕ್ಕೆ ಇಟ್ಟದ್ದು ನನ್ನ ಒಂದು ಅಣಕಿನಿಂದ. ಅವನನ್ನು ತಣ್ಣಗೆ ಮಾಡಬೇಕೆಂದು ಓಡಿಹೋಗಿ ಲಿಂಬೆಹಣ್ಣಿನ ಶರಬತ್ತು ತಂದೆ, ಬರ್ಫದ ಚೂರು ತೇಲುತ್ತಿದ್ದ ದೊಡ್ಡ ಗ್ಲಾಸು. ಬೆವರಿನಲ್ಲಿ ತೊಯ್ದಿದ್ದ ಮಾವ ಗಟಗಟ ಕುಡಿದ. ಇನ್ನೊಂದು ತಂದೆ. ಅದನ್ನೂ ಕುಡಿದ.

ಮರುದಿನ ಬೆಳಿಗ್ಗೆ ಮಾವ ಬಾಯಿ ತೆರೆದರೆ ಗಾಳಿ ಬಂತು, ದನಿ ಬರಲಿಲ್ಲ. ಜೇಷ್ಠಮಧು, ಬಿಸಿನೀರು, ಉಪ್ಪು, ಅರಿಶಿನ ಎಲ್ಲ ಆಯಿತು. ಸಿಂದಗಿಗೆ ಹೊರಡುವ ದಿನ ಬಂದರೂ ಗಂಟಲು ತೆರೆಯಲಿಲ್ಲ. ಗಂಟಲು ಹೋಗಿದೆ ಅಂತ ಹೇಳಿಕಳಿಸೋಣ ಎಂದು ಕಾಕಾ ಅಂದ. ಕರಾರು ಮಾಡಿ ವಾರವಾಗಿಲ್ಲ, ಹೆದರಿ ನೆವ ಹೇಳಿದ ಅನ್ನುತ್ತಾರೆ ಎಂದು ಮಾವ ಕೈಸನ್ನೆಯಲ್ಲೇ ಹೇಳಿದ. ಆಗ ನನಗೆ ಆ ಹಾಳು ವಿಚಾರ ಹೊಳೆಯಿತು.

“ಮಾವಾ, ನೀ ದಪ್ಪು ಮಾರಿಗೆ ಅಡ್ಡ ಹಿಡಿ. ತುಟಿ ಅಲಗಾಡಸು ಸಾಕು. ಹಿಂದಿಂದ ನಾ ಹಾಡ್ತೇನಿ, ನಿನ್ನ ದನೀಲೆ.” ಎಂದವನೇ ಮಾವನ ದನಿ ತೆಗೆದು ಒಂದು ಸಾಲು ಹಾಡಿ ತೋರಿಸಿದೆ. ಒಳಗಿನಿಂದ ಅತ್ತೆ, “ಗಂಟಲು ಬಂತೇನ್ರಿ?” ಎಂದು ಕೂಗಿದಳು.

ಕಾಕಾ ನನ್ನನ್ನು ದಿಟ್ಟಿಸಿದ. “ಸಿಕ್ಕಿಬಿದ್ರ ತಾಳ ಒಗದು ಓಡಾಂವ ನಾನ ಮೊದಲು. ಈಗ ಹೇಳಿಬಿಟ್ಟೇನಿ.”

ಮಾವ ದಪ್ಪಿನ ಬಳೆಯ ಮೇಲೆ ಬೆರಳಾಡಿಸಿದ. ಆಮೇಲೆ ಆಗಲಿ ಎಂದು ತಲೆಯಾಡಿಸಿದ.

ಸಿಂದಗಿಯ ಮಂದಿ ಇಂಡಿಯವರಿಗೆ ತದ್ವಿರುದ್ಧ. ಪದ ಮುಗಿದ ಮೇಲೂ ಚಪ್ಪಾಳೆ ಇಲ್ಲ. ಎಲೆ ಅಡಿಕೆ ಹಾಕಿಕೊಂಡು, ಗದ್ದ ಮುಂದೆ ಮಾಡಿ, ಸಾಲ ಕೇಳಲು ಬಂದವನನ್ನು ನೋಡುವ ಹಾಗೆ ನೋಡುತ್ತಾರೆ. ಹೆದರಿದವನಿಗೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. ಮಾವ ದಪ್ಪನ್ನು ಮೂಗಿನವರೆಗೆ ಎತ್ತಿ ಹಿಡಿದ. ನಾನು ಅವನ ಬೆನ್ನಿನ ಬೆವರಿನ ವಾಸನೆಯಲ್ಲಿ ಮುಖವಿಟ್ಟು ಶುರುಮಾಡಿದೆ. ಪದದ ಮೊದಲ ಸಾಲಿಗೇ ಎದುರು ಕುಳಿತಿದ್ದ ಮುದುಕನೊಬ್ಬ ತಲೆ ಎತ್ತಿದ. ಸಿಕ್ಕಿಬಿದ್ದೆವು ಎಂದುಕೊಂಡೆ. ಆತ ಎಲೆಯ ರಸ ಉಗುಳಿ ಮತ್ತೆ ಗದ್ದ ಮುಂದೆ ಮಾಡಿದ. ಅಕ್ಕ ಹಾಕಿದವು ಹಳೆಯ ಸವಾಲುಗಳು. ಅವುಗಳ ಜವಾಬು ವರ್ಷಗಟ್ಟಲೆ ಕೇಳಿ ಕೇಳಿ ನನಗೆ ಬಾಯಿಪಾಠ. ದಾಟಿದೆವು. ಹೊರಡುವಾಗ ಅಕ್ಕ ನಮ್ಮ ಕಡೆ ನೋಡಿ ಸ್ವಲ್ಪ ನಿಂತರು, ಏನೋ ಎಣಿಸುವವರ ಹಾಗೆ ತುಟಿ ಆಡಿಸಿದರು, ಹೋದರು.

“ಯಾಕಲೇ ಹಂಗ ನೋಡಿದ್ಲು?” ಎಂದು ಕಾಕಾ ಕೇಳಿದ.

“ನಿನ್ನ ಅಂಗಿ ಹೊಲಿಗಿ ನೋಡಿರಬೇಕು,” ಎಂದೆ.

ಮುದ್ದೇಬಿಹಾಳದವರ ಮರ್ಯಾದೆ ದೊಡ್ಡದು. ಟವೆಲು ಹೊದಿಸಿ, ಕುರ್ಚಿ ಹಾಕಿ, ಗಾಳಿ ಹಾಕಲು ಒಬ್ಬನನ್ನು ನಿಲ್ಲಿಸುತ್ತಾರೆ. ಅಲ್ಲಿನ ವ್ಯಾಪಾರಿಗಳು ಈ ಸಲ ಇನ್ನೊಂದು ಮರ್ಯಾದೆ ಮಾಡಿದ್ದರು, ಮೈಕು ತರಿಸಿದ್ದರು. ಒಂದೇ ಮೈಕು, ಮಾವನ ಬಾಯಿಯ ಮುಂದೆ. ಹಿಂದಿನಿಂದ ಹಾಡಿದರೆ ದನಿ ದೂರದಿಂದ ಬರುತ್ತದೆ, ಮುಂದೆ ಬಂದರೆ ಬಾಯಿ ಕಾಣುತ್ತದೆ. ಕಡೆಗೆ ಮಾವನ ಭುಜದ ಮೇಲೆ ಗದ್ದ ಊರಿ, ದಪ್ಪಿನ ಮರೆಯಲ್ಲಿ ಬಾಯಿ ತೂರಿಸಿ ಹಾಡಿದೆ. ದೂರದಿಂದ ನೋಡಿದವರಿಗೆ ಎರಡು ತಲೆಯ ಮನುಷ್ಯ ಕಂಡಿರಬೇಕು.

“ಆ ಹುಡುಗಗ ಮಾವನ ಮ್ಯಾಲ ಎಷ್ಟು ಪ್ರೀತಿ ನೋಡ್ರಿ!” ಎಂದು ಒಬ್ಬ ವ್ಯಾಪಾರಿ ಹೇಳಿದ್ದು ಮೈಕಿನಲ್ಲೇ ಕೇಳಿಸಿತು.

ಅಲ್ಲಿ ಅಕ್ಕ ಒಂದು ಹೊಸ ಸವಾಲು ಎಸೆದರು. ನನಗೆ ಜವಾಬು ಗೊತ್ತಿರಲಿಲ್ಲ. ಅವರ ತಂಗಿ ಮತ್ತು ಗಂಡ ‘ಜೀ’ ಎಳೆಯುತ್ತಿದ್ದಾಗ ಆ ಸದ್ದಿನ ಮರೆಯಲ್ಲಿ ಮಾವ ನನ್ನ ಕಿವಿಗೆ ಗಾಳಿಯಂತೆ ಜವಾಬು ಊದಿದ. ಅದನ್ನೇ ಅವನ ದನಿಯಲ್ಲಿ ತಿರುಗಿಸಿ ಹಾಡಿದೆ. ದಾಟಿದೆವು. ಬಸ್ಸಿನಲ್ಲಿ ಮಾವ ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಗೆದ್ದವನ ಮುಖವಲ್ಲ ಅದು. ತನ್ನ ಪದಕ್ಕೆ ಬಿದ್ದ ಶಾಬಾಸ್‌ಗಿರಿಯನ್ನು ಯಾರದೋ ಮನೆಯ ಊಟದ ಹಾಗೆ ತಲೆತಗ್ಗಿಸಿ ಉಣ್ಣುತ್ತಿದ್ದ.

ಉಳಿದದ್ದು ಹೂವಿನ ಹಿಪ್ಪರಗಿ ಒಂದೇ.

ಇಂದಿಗೂ ಹಾಡಿಕೆಗೆ ಯಾವ ಊರು ಚಲೋ ಎಂದು ಯಾರಾದರೂ ಕೇಳಿದರೆ ಹಿಪ್ಪರಗಿ ಎಂದೇ ಹೇಳುತ್ತೇನೆ. ಅಲ್ಲಿ ಗಂಡಸರು ಕೆಳಗೆ ಚಾಪೆಯ ಮೇಲೆ, ಹೆಣ್ಣುಮಕ್ಕಳು ಸುತ್ತಲಿನ ಮಾಳಿಗೆಗಳ ಮೇಲೆ. ಪದದ ಒಂದೊಂದು ಮಾತನ್ನೂ ಜೋಳ ಹಸನು ಮಾಡಿದಂತೆ ಆರಿಸಿ ಕೇಳುತ್ತಾರೆ. ಮಾಳಿಗೆಯ ಮೇಲಿನವರಿಗೆ ಎಲ್ಲವೂ ಕಾಣುತ್ತದೆ ಎನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೈಕು ಇರಲಿಲ್ಲ. ನಮ್ಮಿಬ್ಬರ ಕರಾರಿನ ಸುದ್ದಿ ಮೊದಲೇ ಬಂದು ಮುಟ್ಟಿತ್ತು. ಊರಿನ ಗೌಡರು ಎರಡು ಮೇಳಗಳ ನಡುವೆ ಖಾಲಿ ಕಂಬಳಿ ಹಾಸಿಸಿ, “ಸೋತವರ ದಪ್ಪು ಇಲ್ಲಿ,” ಎಂದರು. ಮಾವ ಆ ಕಂಬಳಿಯನ್ನೇ ನೋಡುತ್ತಿದ್ದ.

ಹೊತ್ತು ಮುಳುಗಲು ಬಂದರೂ ನಾವು ಸೋಲದೆ ನಿಂತಿದ್ದೆವು. ಆಗ ಅಕ್ಕ ಎಡಗೈ ಕಿವಿಗೆ ಹಚ್ಚಿದರು, ಸೆರಗು ಜಗ್ಗಿ ಸಿಗಿಸಿದರು. ಬೀಸುವ ಕಲ್ಲಿನ ಸವಾಲು ಹಾಕಿದರು. ಮೇಲಿನ ಕಲ್ಲು ತಿರುಗುತ್ತದೆ, ಗುಡುಗುತ್ತದೆ, ಮೆರೆಯುತ್ತದೆ. ಕೆಳಗಿನ ಕಲ್ಲು ಸುಮ್ಮನೆ ಕುಳಿತಿದೆ. ಕೆಳಗಿನದು ಎದ್ದು ಹೋದರೆ ಮೇಲಿನದು ಬೀಸುವುದೇನನ್ನು? ಮಾಳಿಗೆಯ ಮೇಲೆ ಬಳೆಗಳ ಸದ್ದಾಯಿತು. ಈಗ ಅವರ ಹಿಮ್ಮೇಳ ‘ಜೀ’ ಎಳೆಯಬೇಕು, ಆ ಮರೆಯಲ್ಲಿ ಮಾವ ನನಗೆ ಜವಾಬು ಊದಬೇಕು. ನಾನು ಕಿವಿ ಮುಂದೆ ಚಾಚಿದೆ.

ಅಕ್ಕ ಹಿಂದಕ್ಕೆ ಕೈ ಮಾಡಿ ತಂಗಿಯನ್ನೂ ಗಂಡನನ್ನೂ ಸುಮ್ಮನಾಗಿಸಿದರು.

ಸೂಜಿ ಬಿದ್ದರೂ ಕೇಳಿಸುವಂತಾಯಿತು. ಇನ್ನು ಪಿಸುಮಾತು ಕೂಡ ಸಾಧ್ಯವಿರಲಿಲ್ಲ. ಮಾವ ದಪ್ಪು ಬಾರಿಸತೊಡಗಿದ, ಎಲ್ಲರ ಕಣ್ಣೂ ಅವನ ಮೇಲಿದ್ದುದರಿಂದ ನನ್ನತ್ತ ತಿರುಗುವಂತಿರಲಿಲ್ಲ. ಒಂದು ಸುತ್ತು. ಅವನ ಕುತ್ತಿಗೆಯ ನರ ಎದ್ದು ನಿಂತದ್ದು ಕಾಣುತ್ತಿತ್ತು. ಜವಾಬು ಅವನ ತಲೆಯಲ್ಲಿದೆ, ದನಿ ನನ್ನ ಬಾಯಲ್ಲಿದೆ, ನಡುವೆ ಒಂದು ಗೇಣು ಗಾಳಿ. ಎರಡನೆಯ ಸುತ್ತು. “ಏನಾರ ಹಾಡಲೇ,” ಎಂದು ಕಾಕಾ ಹಲ್ಲು ಕಚ್ಚಿಕೊಂಡೇ ಅಂದ. ಮೂರನೆಯ ಸುತ್ತು ಅರ್ಧವಾಯಿತು. ಕಂಬಳಿ ಖಾಲಿ ಇತ್ತು. ನನ್ನ ಧೈರ್ಯ ಜಾರಿತು. ಮುದ್ದೇಬಿಹಾಳದಲ್ಲಿ ಹಾಡಿದ್ದ ಜವಾಬನ್ನೇ, ಈ ಸವಾಲಿಗೆ ಏನೂ ಸಂಬಂಧವಿಲ್ಲದ್ದನ್ನು, ಮಾವನ ತುಂಬುಗಂಟಲಿನಲ್ಲಿ ಎತ್ತಿಬಿಟ್ಟೆ.

ಎತ್ತಿದ ಮೇಲೆ ಅವನ ಭುಜದಾಚೆ ಇಣುಕಿ ನೋಡಿದೆ. ಬಾರಿಸುತ್ತ ಬಾರಿಸುತ್ತ ಮಾವ ದಪ್ಪನ್ನು ಎದೆಯವರೆಗೆ ಇಳಿಸಿಬಿಟ್ಟಿದ್ದ. ಮಾವನ ಬಾಯಿ ಮುಚ್ಚಿತ್ತು. ಮಾವನ ದನಿ ಹಾಡುತ್ತಿತ್ತು.

“ಯವ್ವಾ! ಬಾಯಿ ಮುಚ್ಚಿಕೊಂಡ ಹಾಡಾಕತ್ತಾನಲ್ಲ!” ಎಂದು ಮಾಳಿಗೆಯ ಮೇಲಿನಿಂದ ಒಬ್ಬಳು ಕೂಗಿದಳು.

ನನ್ನ ಸಾಲು ಅಲ್ಲೇ ಮುರಿಯಿತು. ಓಡಿಹೋಗುತ್ತೇನೆಂದಿದ್ದ ಕಾಕಾ ಓಡಲಿಲ್ಲ. ಗಾಬರಿಯಲ್ಲಿ ರೂಢಿಯ ಬಲದಿಂದ, ಆ ಮುರಿದ ಸಾಲಿನ ಬಾಲ ಹಿಡಿದು ಒಬ್ಬನೇ ‘ಜೀ’ ಎಂದು ಎಳೆದ. ಅಷ್ಟು ದೊಡ್ಡ ಬಯಲಿನಲ್ಲಿ ಆ ಒಂಟಿ ‘ಜೀ’ ಕೊಟ್ಟಿಗೆಯಲ್ಲಿ ಮರೆತುಬಂದ ಕರುವಿನ ಹಾಗೆ ಕೇಳಿಸಿತು. ಆಮೇಲೆ ಗದ್ದಲ. ಮೋಸ ಅಂದರು, ಮಂಗ್ಯಾನ ಆಟ ಅಂದರು, ದಪ್ಪು ಕಸಗೊಳ್ರಿ ಅಂದರು. ಕೆಲವರು ಎದ್ದು ನಮ್ಮ ಕಡೆ ಬರತೊಡಗಿದರು. ಗೌಡರು ಕೈ ಎತ್ತಿ ಅವರನ್ನು ತಡೆದು, “ಮಾಸ್ತರ, ಕರಾರು ಅಂದ್ರ ಕರಾರು,” ಎಂದರು.

ಮಾವ ಯಾರನ್ನೂ ನೋಡದೆ ನಡೆದುಹೋಗಿ ದಪ್ಪನ್ನು ಕಂಬಳಿಯ ಮೇಲೆ ಇಟ್ಟ. ಇಟ್ಟ ಕೈ ತೆಗೆಯಲು ಹೊತ್ತು ಹಿಡಿಯಿತು. ಗುರು ಕೊಟ್ಟದ್ದನ್ನು ಈಗ ಅಳಿಯನ ಬಾಯಿ ತಿಂದಿತು. ನಾನು ಅಕ್ಕನ ಮುಂದೆ ಹೋಗಿ ನಿಂತೆ. ಎಷ್ಟೋ ದಿನಗಳ ಮೇಲೆ ಮಂದಿಯ ಮುಂದೆ ನನ್ನದೇ ದನಿ ಬಂತು, ಅದೂ ಕೀರಲು.

“ಅಕ್ಕಾರ, ಇದೆಲ್ಲಾ ನನ್ನ ವಿಚಾರ್ರಿ. ಮಾವನ ಗಂಟಲು ಇಂಡಿಯಿಂದನ ಹೋಗೇತ್ರಿ. ದಪ್ಪು ಬಿಡ್ರಿ, ಶಿಕ್ಷಾ ನನಗ ಕೊಡ್ರಿ.”

“ಗೊತ್ತೈತೆಪಾ,” ಎಂದರು ಅಕ್ಕ. “ಸಿಂದಗ್ಯಾಗ ಗೊತ್ತಾತು. ಮಾಸ್ತರು ಹಾಡಿದ್ರ ಹಿಂದ ಎರಡು ಗಂಟಲು ಜೀ ಅನ್ನಬೇಕು. ಅವತ್ತು ಒಂದ ಅಂತು. ಇನ್ನೊಂದು ಎಲ್ಲಿ ಹೋತು ಅಂತ ಮೂರು ಮಂದೀನ್ನೂ ಎಣಿಸಿ ನೋಡಿದೆ. ಮೂರೂ ಮಂದಿ ಅಲ್ಲೇ ಇದ್ರಿ.”

ಅವರ ಗಂಡ ಹಿಂದಿನಿಂದ, “ನನಗ ಹೇಳಲೇ ಇಲ್ಲಲ್ಲ!” ಎಂದ. ಯಾರೋ ನಕ್ಕರು. ಉಳಿದವರ ಮುಖ ಇನ್ನೂ ಬಿಗಿದೇ ಇತ್ತು. ಗೌಡರು, “ತುಗೋರಿ ಅಕ್ಕಾರ, ದಪ್ಪು ನಿಮ್ಮದಾತು,” ಎಂದರು.

ಅಕ್ಕ ಬಗ್ಗಿ ದಪ್ಪು ಎತ್ತಿಕೊಂಡರು. ಉಗುರಿನಿಂದ ಒಂದು ಸಲ ಮೀಟಿ ಕಿವಿಗೆ ಹಿಡಿದರು. ಮಾವ ಕಣ್ಣು ಮುಚ್ಚಿದ್ದ. ಅವರು ಹೋಗಿ ಅವನ ಎದೆಗೆ ದಪ್ಪನ್ನು ಒತ್ತಿ ಹಿಡಿದು, ಮಾಳಿಗೆಯವರಿಗೂ ಕೇಳುವಂತೆ ಹೇಳಿದರು:

“ಗಂಡು ಹೆಚ್ಚು, ಗಂಡು ಹೆಚ್ಚು ಅಂತ ಊರೂರು ಹಾಡಿದ್ರಿ. ಒಬ್ಬ ಗಂಡಸಿನ ಕೆಲಸಕ್ಕ ಇಬ್ಬರು ಗಂಡಸರು ಬೇಕು ಅನ್ನೂದನ್ನ ಇಷ್ಟು ಮಂದಿ ಮುಂದ ನೀವ ಮಾಡಿ ತೋರಿಸಿದ್ರಿ. ಇನ್ನ ನಾ ಹಾಡೂದು ಏನ ಉಳೀತ್ರಿ ಮಾಸ್ತರ? ಹಿಡೀರಿ ನಿಮ್ಮ ದಪ್ಪು. ಗಂಟಲು ಬಂದ ಮ್ಯಾಲ ಒಬ್ಬರ ಬರ್ರಿ.”