ಸೀಟಿನಡಿ ಇನೋಕೆ, ಗಾಜಿನ ಮೇಲೆ ಎಟೋನಿಯ

ನಮ್ಮ ದ್ವೀಪದ ನೌಸೋರಿ ಊರಿನ ವ್ಯಾನ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಸಿತಿಯ ಬಿಳಿ ವ್ಯಾನಿನ ಮುಂಬಾಗಿಲಿನಿಂದ ಎರಡು ಬರಿಗಾಲು ಹೊರಗೆ ಚಾಚಿಕೊಂಡಿವೆ. ಆ ಕಾಲುಗಳ ಒಡೆಯ ಇನೋಕೆ, ಸೀಟಿನಡಿಯ ಬ್ಯಾಟರಿಯ ಪಕ್ಕ ತಲೆಯಿಟ್ಟು, ಹೆಬ್ಬೆರಳು ದಪ್ಪದ ಕೆಂಪು ತಂತಿಯ ತುದಿಯನ್ನು ಚಾಕುವಿನಿಂದ ಹೆರೆಯುತ್ತಿದ್ದಾನೆ. ತಾಮ್ರ ಮಿನುಗಿದ ಮೇಲೆ ಅದನ್ನು ಮೂಗಿನ ಹತ್ತಿರ ತಂದು ಮೂಸುತ್ತಾನೆ. ಯಾಕೆ ಎಂದು ಕೇಳಿದರೆ ನಗು. "ಅಭ್ಯಾಸ. ಮೀನು ಕೊಳ್ಳೋವಾಗ ನೀವು ಮೂಸಲ್ವಾ?"

ಹಾಡಿಲ್ಲದ ವ್ಯಾನಿಗೆ ನಮ್ಮೂರಲ್ಲಿ ಜನ ಹತ್ತುವುದಿಲ್ಲ. ಮಾರ್ಕೆಟ್ಟಿಗೆ ಕೆಸುವಿನ ಗೆಡ್ಡೆ ಹೊತ್ತು ಬಂದ ಅಜ್ಜಿಯೂ ಎದೆ ನಡುಗಿಸುವ ಸ್ಪೀಕರ್ ಡಬ್ಬ ಇರುವ ವ್ಯಾನನ್ನೇ ಹುಡುಕುತ್ತಾಳೆ. ಆ ಡಬ್ಬ ಕಟ್ಟುವವನಿಗೆ ಊರಲ್ಲಿ ರಾಜಮರ್ಯಾದೆ. ವ್ಯಾನಿನ ಹಿಂದಿನ ಗಾಜಿನ ಮೇಲೆ ಅವನ ಹೆಸರು. ಎಷ್ಟೋ ಗಾಜುಗಳ ಮೇಲೆ ಇರುವುದು ಒಂದೇ ಹೆಸರು: ಎಟೋನಿಯ. ಬೆಂಕಿಯ ಬಣ್ಣದ ಅಕ್ಷರ, ಸುತ್ತ ಮಿಂಚು. ಅದರಲ್ಲಿ ಅರ್ಧಕ್ಕರ್ಧ ವ್ಯಾನುಗಳಿಗೆ ಬ್ಯಾಟರಿಯಿಂದ ಆಂಪ್ಲಿಫೈಯರಿನವರೆಗೆ ತಂತಿ ಎಳೆದವನು ಇನೋಕೆ. ಅವನ ಕೆಲಸ ರತ್ನಗಂಬಳಿಯ ಅಡಿಗೆ ಹೋಗಿ ಮಲಗುತ್ತದೆ, ಹೆಸರೂ ಅದರ ಜೊತೆಗೇ.

"ಹೊಟ್ಟೆ ಉರಿಯಲ್ವಾ ಅಂತ ಕೇಳ್ತೀರಾ? ಉರಿಯತ್ತೆ. ಚೆನ್ನಾಗಿ ಉರಿಯತ್ತೆ," ಎನ್ನುತ್ತಾನೆ ಇನೋಕೆ, ಮುಚ್ಚುಮರೆಯಿಲ್ಲದೆ. "ಸಿಗ್ನಲ್ಲಲ್ಲಿ ನಿಂತಾಗ ಮುಂದಿನ ವ್ಯಾನಿನ ಗಾಜು ನೋಡಬಾರದು ಅಂದ್ಕೋತೀನಿ. ಕಣ್ಣು ಅಲ್ಲೇ ಹೋಗತ್ತೆ."

ಎಟೋನಿಯ ಹೊರಗಿನವನೂ ಅಲ್ಲ, ಇನೋಕೆಯ ಸೋದರತ್ತೆಯ ಮಗ. ಭಾವಂದಿರು ಒಬ್ಬರ ಕಾಲು ಒಬ್ಬರು ಎಳೆಯದಿದ್ದರೆ ನಮ್ಮಲ್ಲಿ ಉಂಡ ಅನ್ನ ಅರಗುವುದಿಲ್ಲ. ಚಿಕ್ಕಂದಿನಿಂದಲೂ ಹಾಗೇ. ಎಟೋನಿಯ ರಗ್ಬಿ ಚೆಂಡು ಹಿಡಿದು ಓಡಿದರೆ ಊರು ಕೂಗುತ್ತಿತ್ತು; ಅವನಿಗೆ ದಾರಿ ಮಾಡಿಕೊಡಲು ಕೆಸರಿನಲ್ಲಿ ಬಿದ್ದ ಇನೋಕೆಯನ್ನು ಯಾರೂ ನೋಡುತ್ತಿರಲಿಲ್ಲ. ಮುಂದೆ ಇನೋಕೆ ಬಸ್ಸಿನ ಶೆಡ್ಡಿನಲ್ಲಿ ವೈರಿಂಗ್ ಕಲಿತ. ತಂತಿ ಸುಟ್ಟು ಬೂದಿಯಾದ ಬಸ್ಸೊಂದನ್ನು ಅಲ್ಲಿ ಗುಡಿಸಿ ತೆಗೆದದ್ದನ್ನು ಅವನು ಇನ್ನೂ ಮರೆತಿಲ್ಲ. ಶೆಡ್ಡು ಮುಚ್ಚಿದ ಮೇಲೆ ಈ ನಿಲ್ದಾಣವೇ ಅವನ ಅಂಗಡಿ. ಸೀಟಿನಡಿ ತೂರಿ ತೂರಿ ಕತ್ತು ಒಂದು ಪಕ್ಕಕ್ಕೆ ವಾಲಿಬಿಟ್ಟಿದೆ.

ತಂತಿ ಆರಿಸುವುದರಲ್ಲಿ ಅವನದು ಹಟ. ಮೊದಲು ಆಂಪ್ಲಿಫೈಯರ್ ಎಷ್ಟು ಕರೆಂಟು ಎಳೆಯುತ್ತದೆ ಎಂದು ನೋಡುತ್ತಾನೆ, ಆಮೇಲೆ ಬ್ಯಾಟರಿಯಿಂದ ಅದರವರೆಗೆ ಮೊಳ ಹಾಕುತ್ತಾನೆ. ದಾರಿ ಉದ್ದವಾದಷ್ಟೂ ತಂತಿ ದಪ್ಪವಾಗಬೇಕು. ವ್ಯಾನಿನ ಮೈಗೆ ಕಟ್ಟುವ ಕಪ್ಪು ತಂತಿಯೂ ಅಷ್ಟೇ ದಪ್ಪ, ಅದೂ ಬಣ್ಣ ಕೆರೆದ ಬರೀ ತಗಡಿನ ಮೇಲೆ. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ. "ಎಲ್ಲರೂ ಫ್ಯೂಸು ಆಂಪ್ಲಿಫೈಯರ್ ಕಾಯತ್ತೆ ಅಂದ್ಕೊಂಡಿದಾರೆ. ಅಲ್ಲ ಮಾರಾಯ್ರೇ! ಅದು ಕಾಯೋದು ತಂತೀನ. ತಂತಿ ತಡೆಯೋದಕ್ಕಿಂತ ದೊಡ್ಡ ಫ್ಯೂಸ್ ಹಾಕಿದ್ರೆ, ಫ್ಯೂಸು ಗಟ್ಟಿಯಾಗಿ ಕೂತಿರತ್ತೆ, ತಂತಿ ಹತ್ತಿಕೊಳ್ಳತ್ತೆ."

ಇವತ್ತು ಮಧ್ಯಾಹ್ನ ನದಿ ಪಕ್ಕದ ಬಯಲಿನಲ್ಲಿ ವ್ಯಾನುಗಳ ಹಾಡಿನ ಪಂದ್ಯ. ಸದ್ದು ದೊಡ್ಡದಾದರೆ ಸಾಲದು. ಡಬ್ಬದ ಪ್ರತಿ ಗುದ್ದಿಗೂ ಮುಂದಿನ ದೀಪ ಮಂಕಾಗುವ ವ್ಯಾನಿಗೆ ಅಂಕ ಕತ್ತರಿಸುತ್ತಾರೆ. ಬಿಳಿ ವ್ಯಾನಿನ ಒಡತಿ ವಸಿತಿ ಮಾತು ಕೊಟ್ಟಿದ್ದಾಳೆ: "ಗೆದ್ರೆ ನನ್ನ ಹಿಂದಿನ ಗಾಜು ಪೂರ್ತಿ ನಿಂದು ಇನೋಕೆ. ನಿನ್ನ ಹೆಸರು, ನಿನಗೆ ಬೇಕಾದ ಬಣ್ಣ." ಡಬ್ಬವನ್ನು ಅವಳೇ ಕಟ್ಟಿಕೊಂಡಿದ್ದಾಳೆ. ಹಾಗಾಗಿ ಆ ಗಾಜಿಗೆ ಪಾಲುದಾರರಿಲ್ಲ. ಇನೋಕೆ ಬಣ್ಣವನ್ನೂ ಆರಿಸಿಟ್ಟಿದ್ದಾನೆ, ಹಳದಿ.

ನಿನ್ನೆ ಸಂಜೆ ಎಟೋನಿಯ ಅವನ ಮನೆ ಬಾಗಿಲಿಗೆ ಬಂದಿದ್ದ. "ಭಾವ, ಕೆರೆಕೆರೆ. ಒಂದು ವ್ಯಾನಿಗಾಗುವಷ್ಟು ತಾಮ್ರದ ತಂತಿ ಕೊಡು. ಹಡಗು ಬಂದಿಲ್ಲ, ಅಂಗಡೀಲಿ ಬರೀ ಕಸ ಇದೆ." ಕೆರೆಕೆರೆ ಎಂದು ನೆಂಟ ಕೈಯೊಡ್ಡಿದ ಮೇಲೆ ಇದ್ದೂ ಇಲ್ಲವೆನ್ನುವುದು ನಮ್ಮಲ್ಲಿ ಕಳ್ಳತನಕ್ಕಿಂತ ಕೀಳು. ಇನೋಕೆಯ ಪೆಟ್ಟಿಗೆಯಲ್ಲಿ ಇನ್ನೊಂದು ಸುರುಳಿ ಇತ್ತು. ಬಾಯಿ ಮಾತ್ರ ಬೇರೆ ಹೇಳಿತು: "ಮುಗಿದೋಯ್ತು ಭಾವ. ಇದ್ದಿದ್ದು ವಸಿತಿಗೆ ಹೋಯ್ತು."

ಆ ಸುಳ್ಳನ್ನು ನುಂಗಿಕೊಂಡೇ ಅವನೀಗ ವಸಿತಿಯ ಫ್ಯೂಸಿಗೆ ಮುಚ್ಚಳ ಹಾಕುತ್ತಿದ್ದಾನೆ. ಅಷ್ಟರಲ್ಲಿ ಎಟೋನಿಯನ ನೀಲಿ ವ್ಯಾನು ಡಂ ಡಂ ಎನ್ನುತ್ತಾ ಬಂದು ಪಕ್ಕದಲ್ಲೇ ನಿಲ್ಲುತ್ತದೆ. ಮಾರ್ಕೆಟ್ಟಿನ ಹೆಂಗಸರು ಗಂಟುಮೂಟೆ ಸಮೇತ ಹತ್ತುತ್ತಾರೆ. "ಏನ್ ಭಾವ, ಇನ್ನೂ ಸೀಟಿನಡೀಲೇ ಸಂಸಾರನಾ?" ಎಂದು ಎಟೋನಿಯ ಕಿಟಕಿಯಿಂದ ಕೂಗುತ್ತಾನೆ. ಹೆಂಗಸರು ಗೊಳ್ಳೆನ್ನುತ್ತಾರೆ.

ಇನೋಕೆ ಬಾಯಿ ತೆರೆದವನು ಹಾಗೇ ನಿಲ್ಲುತ್ತಾನೆ. ಮೂಗಿಗೆ ಬಡಿದದ್ದು ನೀಲಿ ವ್ಯಾನಿನಿಂದ ಬಂದ ಕಾದ ರಬ್ಬರಿನ ವಾಸನೆ.

ಏನಾಗಿದೆ ಎಂದು ಅವನಿಗೆ ನೋಡದೆಯೇ ಗೊತ್ತು. ಸುಮ್ಮನಿದ್ದರೆ ಆಯಿತು, ಸೇತುವೆ ದಾಟುವುದರೊಳಗೆ ಹೊಗೆ ಏಳುತ್ತದೆ, ಯಾರ ಕೈಕೆಲಸ ಎಂದು ಊರಿಗೆ ಊರೇ ನೋಡುತ್ತದೆ. ಆ ಯೋಚನೆ ಬಂತಾ ಎಂದು ಕೇಳಿದರೆ ಇನೋಕೆ ನೆಲ ನೋಡುತ್ತಾನೆ. "ಬಂತು. ಸಿಹಿಯಾಗೇ ಇತ್ತು. ಆದ್ರೆ ಹಿಂದಿನ ಸೀಟಲ್ಲಿ ಅಷ್ಟು ಜನ ಕೂತಿದ್ರಲ್ಲ, ಡಬ್ಬಕ್ಕೆ ಒರಗಿಕೊಂಡು."

ಅವನು ಓಡಿಹೋಗಿ ಬಾಗಿಲು ಎಳೆದು, ಸೀಟು ಎತ್ತಿ ಫ್ಯೂಸು ಕೀಳುತ್ತಾನೆ. ಹಾಡು ಗಪ್ಪನೆ ನಿಲ್ಲುತ್ತದೆ.

"ನೋಡ್ರಪ್ಪಾ ಹೊಟ್ಟೆಕಿಚ್ಚು!" ಎಟೋನಿಯ ಕೆಳಗೆ ಹಾರುತ್ತಾನೆ. "ಪಂದ್ಯದ ದಿನಾನೇ ನನ್ನ ಹಾಡು ನಿಲ್ಲಿಸ್ತಾನೆ!"

"ಹೊಟ್ಟೆಕಿಚ್ಚು ಇದೆ ಕಣೋ, ಇಲ್ಲ ಅಂದೋರು ಯಾರು? ಮೊದಲು ಇಲ್ಲಿ ಕೈ ಇಟ್ಟು ನೋಡು!"

ರತ್ನಗಂಬಳಿ ಎತ್ತಿದಾಗ ತಂತಿಯ ಕೆಂಪು ಹೊದಿಕೆ ಬೆಲ್ಲದ ಪಾಕದಂತೆ ಕರಗಿ ತಗಡಿಗೆ ಅಂಟಿಕೊಂಡಿದೆ. ಇನೋಕೆ ಚಾಕುವಿನಿಂದ ಹೆರೆಯುತ್ತಾನೆ. ತಾಮ್ರದ ಬಣ್ಣ ಸುಲಿದು ಒಳಗೆ ಬೆಳ್ಳಗೆ, ತಾಮ್ರದಷ್ಟು ಕರೆಂಟು ತಡೆಯದ ಅಲ್ಯೂಮಿನಿಯಂ ಕಾಣುತ್ತದೆ. ಮೇಲೆ ಥಳಕು, ಒಳಗೆ ಹುಳುಕು. ಪದೇ ಪದೇ ಫ್ಯೂಸು ಹೋಯಿತೆಂದು ಎಟೋನಿಯ ಅದರ ಎರಡರಷ್ಟು ದೊಡ್ಡದನ್ನು ಹಾಕಿಬಿಟ್ಟಿದ್ದ. ಹಡಗು ತಡವಾದಾಗಲೆಲ್ಲ ಈ ನಿಲ್ದಾಣದಲ್ಲಿ ಯಾರಾದರೊಬ್ಬರು ಮಾಡುವ ತಪ್ಪು ಇದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹೆಂಗಸರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಎಟೋನಿಯನ ಮುಖದಲ್ಲಿ ರಕ್ತವಿಲ್ಲ. ಸುಟ್ಟ ತಂತಿ ಕತ್ತರಿಸಲು ಇನೋಕೆ ಇಕ್ಕಳಕ್ಕೆಂದು ತನ್ನ ಪೆಟ್ಟಿಗೆ ತೆರೆಯುತ್ತಾನೆ. ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದಾನೆ. ಅದುಮಿಟ್ಟಿದ್ದ ಸುರುಳಿ ಪುಟಿದು ರಸ್ತೆಯ ಮೇಲೆ ಬಿಚ್ಚಿಕೊಳ್ಳುತ್ತದೆ.

ಎಟೋನಿಯ ಬಗ್ಗಿ ಆ ತಂತಿಯ ತುದಿ ಮುಟ್ಟಿ ನೋಡುತ್ತಾನೆ.

"ಮುಗಿದೋಯ್ತು ಅಂದೆಯಲ್ಲ ಭಾವ," ಎನ್ನುತ್ತಾನೆ ಎಟೋನಿಯ, ಮೆಲ್ಲಗೆ.

"ಅಂದೆ. ಸುಳ್ಳು ಹೇಳಿದೆ."

ಎಟೋನಿಯ ಅಲ್ಲೇ, ಡಾಂಬರಿನ ಮೇಲೆ, ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ. ಎರಡೂ ಕೈ ಜೋಡಿಸಿ ಒಡ್ಡುತ್ತಾನೆ. "ಹಾಗಾದ್ರೆ ಇನ್ನೊಂದ್ ಸಲ ಕೇಳ್ತೀನಿ. ಕೆರೆಕೆರೆ."

ಇನೋಕೆ ವಸಿತಿಯ ಕಡೆ ನೋಡುತ್ತಾನೆ. ಅವಳ ಹಿಂದಿನ ಗಾಜು ಖಾಲಿಯಾಗಿ ಹೊಳೆಯುತ್ತಿದೆ. "ನನ್ನ ಮುಖ ಏನ್ ನೋಡ್ತೀಯ?" ಎಂದು ವಸಿತಿ ಗದರುತ್ತಾಳೆ. "ಕೊಡೋದಾದ್ರೆ ಕೊಡು. ಗೆದ್ರೆ ಮಾತ್ರ ಗಾಜು, ನನ್ನ ಮಾತು ಬದಲಾಗಲ್ಲ."

ಇನೋಕೆ ಸುರುಳಿ ಎತ್ತಿಕೊಂಡು ಎಟೋನಿಯನ ಸೀಟಿನಡಿ ತೂರುತ್ತಾನೆ. ತಗಡಿನ ತೂತಿನ ಅಂಚು ತಂತಿಯನ್ನು ಕೊರೆಯದಿರಲೆಂದು ರಬ್ಬರಿನ ಬಳೆ ತೊಡಿಸುತ್ತಾನೆ, ತಂತಿಗೆ ತಕ್ಕ ಫ್ಯೂಸು ಕೂರಿಸುತ್ತಾನೆ. ಬೇಕೆಂದರೆ ಒಂದು ನಟ್ಟು ಸಡಿಲ ಬಿಡಬಹುದಿತ್ತು. ಬಿಡಲಿಲ್ಲ. "ಕೈಗೆ ಬರಲಿಲ್ಲ," ಎನ್ನುತ್ತಾನೆ, ತನ್ನ ಕೈಯ ಮೇಲೇ ಸಿಟ್ಟಾದವನಂತೆ.

ಮಧ್ಯಾಹ್ನ ಬಯಲಿನಲ್ಲಿ ನೀಲಿ ವ್ಯಾನಿನ ದೀಪಗಳು ಮಂಕಾಗುವುದೇ ಇಲ್ಲ. ಎಟೋನಿಯ ಮೊದಲು, ವಸಿತಿ ಎರಡನೆಯವಳು. ಜನ ಎಟೋನಿಯನನ್ನು ಹೆಗಲ ಮೇಲೆ ಹೊರುತ್ತಾರೆ. ಅವನು ಮೈಕಿನಲ್ಲಿ ತಾಯಿಗೆ, ದೇವರಿಗೆ, ಡಬ್ಬದ ಮರ ಕೊಟ್ಟವನಿಗೆ ವಂದಿಸುತ್ತಾನೆ. ಸಂತೋಷದಲ್ಲಿ ಭಾವನ ಹೆಸರು ಮರೆತುಹೋಗಿದೆ.

ಸಂಜೆ ನೆನಪಾಗುತ್ತದೆ. ಕಲಸಿ ಕುಡಿಯುವ ಯಂಗೋನ ಬೇರಿನ ಕಟ್ಟು ಹಿಡಿದು ಎಟೋನಿಯ ಕ್ಷಮೆ ಕೇಳಲು ಬಂದರೆ, ಸುಳ್ಳಿಗೆ ಕ್ಷಮೆ ಕೇಳಲು ಇನೋಕೆಯೂ ಒಂದು ಕಟ್ಟು ತಂದಿಟ್ಟುಕೊಂಡಿದ್ದಾನೆ. ಎರಡನ್ನೂ ಒಟ್ಟಿಗೆ ಕುಟ್ಟಿ ಒಂದೇ ಬೋಗುಣಿಯ ನೀರಿನಲ್ಲಿ ಕಲಸುತ್ತಾರೆ.

"ನನ್ನ ಗಾಜಿನ ಮೇಲೆ ನಿನ್ನ ಹೆಸರೂ ಹಾಕಿಸ್ತೀನಿ ಭಾವ, ಕೆಳಗಡೆ," ಎನ್ನುತ್ತಾನೆ ಎಟೋನಿಯ.

"ನಿನ್ನ ಹೆಸರಿನ ಕೆಳಗಾ? ಥೂ! ಅದಕ್ಕಿಂತ ಸೀಟಿನಡೀನೇ ವಾಸಿ."

ಯಂಗೋನ ತುಂಬಿದ ತೆಂಗಿನ ಚಿಪ್ಪು ಸುತ್ತು ಬರುತ್ತದೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಇನೋಕೆ ವಾಡಿಕೆಯಂತೆ ಚಪ್ಪಾಳೆ ತಟ್ಟಿ ಚಿಪ್ಪು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿಯುತ್ತಾನೆ. ಬಾಯಿ ಒರೆಸಿಕೊಂಡು ಎದುರು ಕೂತ ಭಾವನನ್ನು ದಿಟ್ಟಿಸುತ್ತಾನೆ.

"ಇದೆ. ಮುಂದಿನ ವರ್ಷ ಇವನು ಸೋಲ್ಬೇಕು. ನಾನು ಎಳೆದ ತಂತಿ ಮೇಲೇ ಸೋಲ್ಬೇಕು. ಸುಟ್ಟುಕೊಂಡಲ್ಲ, ಸುಮ್ಮನೆ ಸೋಲ್ಬೇಕು."