ಸೊನ್ನೆ ಎಂದು ಬರೆದ ಮೇಡಂ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡಿತ್ತು. ಯೋಚನೆಗೆ ಬಿದ್ದರೆ ಆ ಸೀಳನ್ನು ತೋರುಬೆರಳಿನಿಂದ ಸವರುತ್ತಾ ಕೂರುತ್ತಿದ್ದರು.

ಜೆ.ಪಿ. ನಗರದ ನಮ್ಮ ಸಣ್ಣ ಕಂಪನಿ ಆಸ್ಪತ್ರೆಗಳಿಗೆ ನಾಡಿ, ಉಸಿರು ತೋರಿಸುವ ಮಾನಿಟರ್ ಮಾಡುತ್ತದೆ. ಯಂತ್ರ ಆನ್ ಆದೊಡನೆ ಓಡಿ, ಮುಖ್ಯ ಸಾಫ್ಟ್‌ವೇರನ್ನು ಎಬ್ಬಿಸುವ ಬೂಟ್‌ಲೋಡರ್ ಮೇಡಂ ಬರೆದದ್ದು. ನನಗೆ ಕಲಿಸಿದವರೂ ಅವರೇ. "ಎಬ್ಬಿಸೋಕಾಗ್ಲಿಲ್ಲ ಅಂದ್ರೆ ಅದು ವಾಪಸ್ ಬಂದು ಏನು ಹೇಳುತ್ತೆ? ಕೇಳಿಸ್ಕೊಳ್ಳೋರು ಯಾರು? ಮೊದ್ಲು ಅದು ನೋಡಮ್ಮಾ," ಎನ್ನುತ್ತಿದ್ದರು.

ಹಳೆಯ ಬೋರ್ಡುಗಳ ಫರ್ಮ್‌ವೇರ್, ಅಂದರೆ ಬೂಟ್‌ಲೋಡರನ್ನು ಕರೆಯುವ ಒಳಗಿನ ಸಾಫ್ಟ್‌ವೇರ್, ಆ ಉತ್ತರವನ್ನು ನೋಡುತ್ತಲೇ ಇರಲಿಲ್ಲ. ಬೂಟ್‌ಲೋಡರ್ ವಾಪಸ್ ಬಂದರೆ ಸಾಕು, ಇನ್ನೊಂದು ಕಾಪಿ ಇಟ್ಟಿದ್ದ ಎರಡನೇ ಡಿಸ್ಕಿನಿಂದ ಶುರುಮಾಡುತ್ತಿತ್ತು. ಹಾಗಾಗಿ ಮೇಡಂ ಗೆದ್ದರೂ ಸೋತರೂ ಸೊನ್ನೆ, ಅಂದರೆ 'ಕೆಲಸ ಆಯಿತು', ಎಂದೇ ಬರೆದಿದ್ದರು. ಯುಇಎಫ್‌ಐ ಎಂಬ ಹೊಸ ಫರ್ಮ್‌ವೇರಿನ ಬೋರ್ಡು ಬಂದಾಗಲೂ ಆ ಸಾಲು ಹಾಗೇ ಉಳಿಯಿತು. ಈ ಬೋರ್ಡು ಸೊನ್ನೆಯನ್ನು ನಂಬುತ್ತದೆ. ಸೋತೆ ಎಂದರಷ್ಟೇ ಎರಡನೇ ಡಿಸ್ಕಿಗೆ ಹೋಗುತ್ತದೆ; ಇಲ್ಲದಿದ್ದರೆ ಮೆನು ತೋರಿಸಿ ಸುಮ್ಮನಾಗುತ್ತದೆ.

ತ್ಯಾಗರಾಜನಗರದ ನರ್ಸಿಂಗ್ ಹೋಮಿನಲ್ಲಿ ಕರೆಂಟು ಹೋಗಿ ಬಂದಾಗ ಮೊದಲ ಡಿಸ್ಕು ಕೈಕೊಟ್ಟು ಆದದ್ದು ಅದೇ. ಆಪರೇಷನ್ ಆಗಿದ್ದ ಅಜ್ಜಿಯ ಪಕ್ಕ ಮಾನಿಟರ್ ಮೆನು ತೋರಿಸುತ್ತಾ ನಿಂತಿತು. ನರ್ಸ್ ಒಬ್ಬರು ಅಜ್ಜಿಯ ಮಣಿಕಟ್ಟು ಹಿಡಿದು, ಬೇರೆ ಯಂತ್ರ ಬರುವವರೆಗೂ ಬಿಡಲಿಲ್ಲ. ವಿಷಯ ತಿಳಿದು ಮೇಡಂ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು.

"ತಪ್ಪು ನಂದು ಸಿಸ್ಟರ್."

"ಅಯ್ಯೋ, ಏನೂ ಆಗಿಲ್ವಲ್ಲ, ಬಿಡಿ ಮೇಡಂ."

"ನೀವು ಕೈ ಹಿಡ್ಕೊಂಡಿದ್ರಿ, ಅದಕ್ಕೆ ಆಗಿಲ್ಲ."

ಎಲ್ಲ ಆಸ್ಪತ್ರೆಗಳಿಗೂ ವಿಷಯ ತಿಳಿಸಬೇಕೆಂದು ಮೇಡಂ ಹಟ ಹಿಡಿದರು. ಮುಂದಿನ ಅಪ್‌ಡೇಟಿನಲ್ಲಿ ಸದ್ದಿಲ್ಲದೆ ಸರಿಪಡಿಸೋಣ ಎಂದರು ಮಾಲೀಕರು. ಮೇಡಂ ಕೇಳಲಿಲ್ಲ, ತಾವೇ ಒಂದೊಂದು ಆಸ್ಪತ್ರೆಗೂ ಫೋನ್ ಮಾಡಿ ಹೇಳಿದರು. ಆ ತಿಂಗಳೇ ಅವರು ಕೆಲಸ ಬಿಡಬೇಕಾಯಿತು. ಅವರ ಜಾಗ ನನಗೆ ಬಂತು.

ಅಳುಕುತ್ತಲೇ ಪದ್ಮನಾಭನಗರದ ಅವರ ಮನೆಗೆ ಹೋಗಿ ಹೇಳಿದೆ. "ಒಳ್ಳೇದಾಯ್ತು ಬಿಡು," ಎಂದವರೇ ಕಾಫಿ ಆರುವುದನ್ನೂ ಮರೆತು, ಮುಂದೆ ಬರಲಿದ್ದ, ಆರ್ಮ್ ಎಂಬ ಬೇರೆ ಬಗೆಯ ಚಿಪ್ಪಿನ ಬೋರ್ಡಿನ ಪಾಠ ಶುರುಮಾಡಿದರು. "ಇದು ಸೋತ್ರೆ ಯಾರಾದ್ರೂ ಕಮಾಂಡ್ ಟೈಪ್ ಮಾಡ್ಲಿ ಅಂತ ಕಾಯ್ತಾ ನಿಂತ್ಬಿಡುತ್ತೆ. ವಾರ್ಡಲ್ಲಿ ಟೈಪ್ ಮಾಡೋರು ಯಾರಮ್ಮಾ? ತಾನಾಗೇ ಇನ್ನೊಂದು ಕಾಪಿಗೆ ಹೋಗೋ ಹಾಗೆ ಬರಿ." ಹಾಗೆಯೇ ಬರೆದೆ. ಮೆಚ್ಚುಗೆ ನನಗೆ ಸಿಕ್ಕಿತು.

ಹೋದ ವರ್ಷ ಕ್ಯಾನ್ಸರ್ ಮೇಡಂ ಅವರನ್ನು ಕರೆದೊಯ್ದಿತು. ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಹೋದಾಗ ಬಾಗಿಲಲ್ಲಿ ಅವರ ಯಜಮಾನರು ನಿಂತಿದ್ದರು.

"ಅವಳ ಜಾಗಕ್ಕೆ ಬಂದೋರು ನೀವೇ ಅಲ್ವಾ?"

ಹೌದೆಂದು ತಲೆಯಾಡಿಸಿದೆ.

"ಒಳಗೆ ಬನ್ನಿ ಅಮ್ಮಾ," ಎಂದು ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "'ಆ ಹುಡುಗಿ ಬಂದೇ ಬರ್ತಾಳೆ, ಊಟ ಮಾಡಿಸಿ ಕಳಿಸಿ' ಅಂದಿದ್ಲು."