ಪಂಕಜಮ್ಮನವರ ಖಾರದ ಬಿಸ್ಕತ್ತು

ಗೋಕುಲಾಷ್ಟಮಿ ಹತ್ತಿರ ಬಂತೆಂದರೆ ಜಯನಗರದ ಪಂಕಜಮ್ಮನವರಿಗೆ ಸಂಭ್ರಮಕ್ಕಿಂತ ಮೊದಲು ಭುಜದ ನೋವು ಬರುತ್ತದೆ. ಹಾಗಂತ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೇಳಿದರೆ, "ಅಯ್ಯೋ, ನಿಮ್ಮ ಬಿಸ್ಕತ್ತಿಲ್ಲದೆ ಎಂಥಾ ಅಷ್ಟಮಿ!" ಎಂದು ನಾಲ್ಕು ದಿಕ್ಕಿನಿಂದ ಕೂಗು ಏಳುತ್ತದೆ. ಆ ಕೂಗಿಗೆ ಸೋತು ಸೋತೇ ಅವರು ಇಷ್ಟು ವರ್ಷ ಓವನ್ನಿನ ಮುಂದೆ ನಿಂತದ್ದು.

ಎಲ್ಲರ ಮನೆಯಲ್ಲಿ ಕೃಷ್ಣನಿಗೆ ಚಕ್ಕುಲಿ, ಕೋಡುಬಳೆ, ಮುಚ್ಚೋರೆ. ಇವರ ಮನೆಯಲ್ಲಿ ಅದರ ಜೊತೆಗೆ ಖಾರದ ಬಿಸ್ಕತ್ತು. ಇದ್ಯಾವ ಶಾಸ್ತ್ರದಲ್ಲಿದೆ ಎಂದು ಕೇಳಬೇಡಿ. ಪಂಕಜಮ್ಮ ಟೆಲಿಫೋನ್ ಆಫೀಸಿನಲ್ಲಿ ಕೆಲಸಕ್ಕಿದ್ದಾಗ, ಹೊಸದಾಗಿ ಮದುವೆಯಾದ ಹುಮ್ಮಸ್ಸಿನಲ್ಲಿ, ಒಂದು ಓವನ್ ಕೊಂಡು ತಂದರು. ಬಂದದ್ದೇ ಹಬ್ಬದ ಹಿಂದಿನ ದಿನ. ಬೆಣ್ಣೆ, ಮೊಸರು, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಬಿಸ್ಕತ್ತು ಸುಟ್ಟು ತಟ್ಟೆಯಲ್ಲಿ ಜೋಡಿಸಿದರು. ಇದನ್ನೂ ನೈವೇದ್ಯಕ್ಕೆ ಇಡಬಹುದೇ ಎಂದು ಅತ್ತೆಯ ಮುಖ ನೋಡಿದರು. ಅತ್ತೆ ಮಡಿಯಲ್ಲಿ ಯಾರಿಗೂ ಸೋಲದ ಹೆಂಗಸು. ತುಸು ಹೊತ್ತು ಯೋಚಿಸಿ, "ಬೆಣ್ಣೆ ಹಾಕಿದೀಯಲ್ಲೇ. ಕೃಷ್ಣ ಬೇಡ ಅನ್ನಲ್ಲ, ಇಡು" ಎಂದುಬಿಟ್ಟರು. ಅವತ್ತಿನಿಂದ ಆ ಮನೆಯಲ್ಲಿ ಓವನ್ನಿಗೂ ಮಡಿ. ಹಬ್ಬದ ದಿನ ಅದರ ಮೈ, ಬಾಗಿಲು, ತಟ್ಟೆ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಸ್ವಿಚ್ ಹಾಕಬೇಕು.

ಮೊದಲ ವರ್ಷ ಅಕ್ಕಪಕ್ಕದವರಿಗಷ್ಟೇ ಹಂಚಿದ್ದು. ಆಮೇಲೆ ನೆಂಟರು ಕೇಳಿದರು, ನೆಂಟರ ನೆಂಟರು ಕೇಳಿದರು, ಆಫೀಸಿನ ಗೆಳತಿಯರು ಕೇಳಿದರು. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಎಂದು ಡಬ್ಬಗಳು ಊರೆಲ್ಲ ಹರಡಿಕೊಂಡವು. ಅತ್ತೆ ಹೋದರು, ಕೆಲಸದಿಂದ ನಿವೃತ್ತಿಯಾಯಿತು, ಬಲಭುಜ ಬಿಗಿದುಕೊಂಡು ಜಡೆ ಹೆಣೆಯಲೂ ಬರದ ಹಾಗಾಯಿತು. ಬಿಸ್ಕತ್ತು ಮಾತ್ರ ನಿಲ್ಲಲಿಲ್ಲ. ಎರಡು ವರ್ಷದಿಂದ ಅವರು "ಈ ಸಲ ಸಾಕು" ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು, ಹಬ್ಬ ಬಂದಾಗ ಪಾಪ ಎಲ್ಲರೂ ಕಾಯುತ್ತಿರುತ್ತಾರೆ ಎಂದು ಮತ್ತೆ ಮೈದಾ ಜರಡಿ ಹಿಡಿಯುವುದು. ಕಾಯುತ್ತಾರೆ ಎನ್ನುವ ಆ ಒಂದು ನಂಬಿಕೆಯಲ್ಲೇ ಅವರ ಮೈ ಎದ್ದು ನಿಲ್ಲುತ್ತಿತ್ತು.

ಈ ವರ್ಷವೂ ಅಷ್ಟೇ. ಬೆಳಗ್ಗೆಯಿಂದ ಉಪವಾಸ. ದೊಡ್ಡ ಬೇಸಿನ್ನಿನಲ್ಲಿ ಮೈದಾ ಸುರಿದುಕೊಂಡು, ಮಣೆಯ ಮೇಲೆ ಕುಳಿತರೆ ಏಳಲಾಗುವುದಿಲ್ಲ ಎಂದು ಕಟ್ಟೆಗೆ ಒರಗಿ ನಿಂತು, ಉಪ್ಪಿನ ಡಬ್ಬ ಹತ್ತಿರ ಎಳೆದುಕೊಂಡರು. ಅಷ್ಟರಲ್ಲಿ ಫೋನು. ಮಡಿಯಲ್ಲಿದ್ದವರು ಫೋನು ಮುಟ್ಟುವ ಹಾಗಿಲ್ಲವಲ್ಲ. ಯಜಮಾನರು ರಾಮಪ್ರಸಾದರು ಸ್ಪೀಕರ್ ಹಾಕಿ, ಅಡುಗೆಮನೆಯ ಹೊಸ್ತಿಲಾಚೆಯಿಂದಲೇ ಕೈ ಚಾಚಿ ಹಿಡಿದುಕೊಂಡರು. ಬನಶಂಕರಿಯಿಂದ ಓರಗಿತ್ತಿ ಕುಮುದಾ.

"ಅಕ್ಕಾ, ಇನ್ನೊಂದು ಡಬ್ಬ ಜಾಸ್ತಿ ಮಾಡ್ತೀರಾ? ನಮ್ಮ ಬೀಗರಿಗೆ. ಹೋದ್ಸಲ ತಿಂದು ಫಿದಾ ಆಗ್ಬಿಟ್ಟಿದ್ರು."

"ಭುಜ ಯಾಕೋ..." ಎಂದು ಪಂಕಜಮ್ಮ ಶುರುಮಾಡಿದರು.

"ನಿಮ್ ಕೈ ರುಚಿ ಯಾರಿಗೂ ಬರಲ್ಲ ಅಕ್ಕಾ, ನಾನ್ ಮಾಡಿದ್ರೆ ಕಲ್ಲು!"

ಹೊಗಳಿಕೆಯ ಮುಂದೆ ಭುಜ ಎಲ್ಲಿ ನಿಲ್ಲುತ್ತದೆ? "ಆಯ್ತು, ಕಳಿಸ್ತೀನಿ" ಎಂದರು.

ಫೋನು ಇಟ್ಟಾದ ಮೇಲೆ ಬೇಸಿನ್ ನೋಡಿದರೆ ತಲೆ ಖಾಲಿ. ಉಪ್ಪು ಹಾಕಿದೆನೋ, ಇಲ್ಲವೋ? ಬಿಳಿ ಮೈದಾದೊಳಗೆ ಬಿಳಿ ಉಪ್ಪು ಕಣ್ಣಿಗೆ ಕಾಣುವುದುಂಟೇ? ಬೇರೆಯವರಾಗಿದ್ದರೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡುತ್ತಿದ್ದರು. ಇಲ್ಲಿ ಅದು ನಡೆಯದು. ದೇವರಿಗೆ ತೋರಿಸುವ ಮೊದಲು ನಾಲಿಗೆಗೆ ತಾಗಿಸುವುದಿರಲಿ, ಮೂಸಿಯೂ ನೋಡುವಂತಿಲ್ಲ.

"ರೀ, ನಾನು ಉಪ್ಪು ಹಾಕಿದ್ದು ನೋಡಿದ್ರಾ?"

"ನಾನು ಫೋನ್ ಹಿಡ್ಕೊಂಡಿದ್ನಲ್ಲೇ" ಎಂದರು ರಾಮಪ್ರಸಾದರು. ಆ ಪ್ರಶ್ನೆಗೆ ಅದು ಉತ್ತರವೇ ಎಂದು ನೀವೇ ಹೇಳಿ!

ಪಂಕಜಮ್ಮ ಕಣ್ಣುಮುಚ್ಚಿ ನೆನಪಿಸಿಕೊಂಡರು. ನಿದ್ದೆಯಿಲ್ಲದ, ಊಟವಿಲ್ಲದ ತಲೆ, ಏನೂ ನೆನಪಾಗಲಿಲ್ಲ. ಉಪ್ಪಿಲ್ಲದ ಖಾರದ ಬಿಸ್ಕತ್ತನ್ನು ಯಾರಾದರೂ ಬಾಯಿಗೆ ಇಡುತ್ತಾರೆಯೇ, ಮರ್ಯಾದೆ ಹೋಗುತ್ತದೆ ಎಂದು "ಕೃಷ್ಣಾ, ನೀನೇ ನೋಡ್ಕೊಳಪ್ಪ" ಎನ್ನುತ್ತಾ ಉಪ್ಪು ಹಾಕಿದರು. ಬೆಣ್ಣೆ ಹಾಕಿ ಕಲಸಿದರು, ಲಟ್ಟಿಸಿದರು, ಸ್ಟೀಲ್ ಡಬ್ಬದ ಮುಚ್ಚಳದಿಂದ ಕತ್ತರಿಸಿದರು, ಸುಟ್ಟರು. ಒಂದು ತಟ್ಟೆ ಒಳಗೆ, ಒಂದು ಹೊರಗೆ. ಸಂಜೆ ಪೂಜೆಯ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಮಂಗಳಾರತಿ ಮಾಡುವಾಗ ಎಡಗೈಯಿಂದ ಬಲಗೈಗೆ ಆಸರೆ ಕೊಡಬೇಕಾಯಿತು.

ಮರುದಿನ ಡಬ್ಬಗಳನ್ನು ಆ್ಯಪ್‌ನಲ್ಲಿ ಕರೆಸಿದ ಬೈಕಿನವರ ಕೈಯಲ್ಲಿ ಕಳಿಸಿದ್ದಾಯಿತು. ಪಂಕಜಮ್ಮ ಒಂದನ್ನೂ ತಿನ್ನಲಿಲ್ಲ. ದಿನವಿಡೀ ಮಾಡಿದವರಿಗೆ ಅದರ ವಾಸನೆಯೇ ಸಾಕೆನಿಸುತ್ತದೆ, ಮಾಡಿದವರಿಗಷ್ಟೇ ಅದು ಗೊತ್ತು. ರಾಮಪ್ರಸಾದರಿಗೆ ಬಿಪಿ, ಅವರದು ಅವಲಕ್ಕಿ ಪ್ರಸಾದದಲ್ಲೇ ಮುಗಿಯಿತು. ಹಾಸಿಗೆಯಲ್ಲಿ ಬಿದ್ದುಕೊಂಡೇ ಪಂಕಜಮ್ಮ ಫ್ಯಾಮಿಲಿ ಗ್ರೂಪ್ ನೋಡಿದರು. ಹೊಗಳಿಕೆಯ ಮಳೆಯೇ ಸುರಿದಿತ್ತು. "ಸೂಪರ್ ಆಂಟಿ." "ಆಸಮ್." "ಪಂಕಜಕ್ಕನ ಬಿಸ್ಕೆಟ್ ಬಂತು, ಈಗ ಹಬ್ಬ ಕಂಪ್ಲೀಟ್." ಕುಮುದಾ ಫೋನ್ ಮಾಡಿಯೇ ಹೇಳಿದಳು: "ಅಕ್ಕಾ, ಡಬ್ಬ ತೆಗೆದದ್ದೇ ತಡ, ಮಕ್ಕಳು ಖಾಲಿ ಮಾಡ್ಬಿಟ್ರು. ಬೀಗರಂತೂ ನಿಮ್ಮ ಗುಣಗಾನ ಮಾಡಿದ್ದೇ ಮಾಡಿದ್ದು." ಆ ಮಾತು ಕೇಳಿ ಭುಜಕ್ಕೆ ಎಣ್ಣೆ ಹಚ್ಚಿದಷ್ಟು ಹಿತವಾಯಿತು. ಆಗಲಿ, ಇನ್ನೂ ಒಂದೆರಡು ವರ್ಷ ತಳ್ಳಬಹುದು ಎಂದುಕೊಂಡರು.

ಸಂಜೆ ಕಾಫಿ ಬೆರೆಸಿಕೊಂಡು, ಉಳಿದಿದ್ದ ಬಿಸ್ಕತ್ತುಗಳಲ್ಲಿ ಒಂದನ್ನು ಕಚ್ಚಿದರು.

ರಾಮ ರಾಮಾ! ಉಪ್ಪು ಅಂದರೆ ಬರೀ ಉಪ್ಪು. ನಾಲಿಗೆ ಸುಟ್ಟ ಹಾಗಾಯಿತು. ನುಂಗಲಾರದೆ ಸಿಂಕಿಗೆ ಓಡಿ ಉಗಿದು ಬಾಯಿ ಮುಕ್ಕಳಿಸಿದರು. ಎರಡು ಸಲ ಉಪ್ಪು ಬಿದ್ದಿದೆ! ಇದನ್ನು ಎಲ್ಲರ ಮನೆಗೂ ಕಳಿಸಿದೆನಲ್ಲ ಎಂದು ಮೊದಲು ನಾಚಿಕೆಯಾಯಿತು. ಆಮೇಲೆ ಬೇರೊಂದು ಯೋಚನೆ ಬಂತು, ಅದು ನಾಚಿಕೆಗಿಂತ ಕೆಟ್ಟದ್ದು. ಇದನ್ನು ಮಕ್ಕಳು ಖಾಲಿ ಮಾಡಿದರೇ? ಬೀಗರು ತಿಂದು ಗುಣಗಾನ ಮಾಡಿದರೇ?

ಮನಸ್ಸು ತಡೆಯದೆ ಮಗಳಿಗೇ ಫೋನ್ ಮಾಡಿದರು. ಸುರಭಿ ಇರುವುದು ಅಲ್ಲೇ ಬಿಟಿಎಂನಲ್ಲಿ.

"ಸುರಭೀ, ಬಿಸ್ಕತ್ತು ತಿಂದ್ಯೇನೇ?"

"ತಿಂದೆ ಅಮ್ಮಾ, ಸಖತ್ತಾಗಿತ್ತು."

"ಉಪ್ಪು ಸರಿಯಾಗಿತ್ತಾ?"

"ಪರ್ಫೆಕ್ಟ್ ಅಮ್ಮಾ. ನಿನ್ ಬಿಸ್ಕೆಟ್‌ಗೆ ಏನಾಗುತ್ತೆ? ಒಂದ್ ಮೀಟಿಂಗ್ ಇದೆ, ಆಮೇಲೆ ಮಾಡ್ತೀನಿ."

ಪರರ ಮಾತು ಬಿಡಿ. ಹೊಟ್ಟೆಯಲ್ಲಿ ಹುಟ್ಟಿದ ಮಗಳು! ಕೆಟ್ಟ ಹುಡುಗಿಯಲ್ಲ ಸುರಭಿ, ಅಮ್ಮನಿಗೆ ಬೇಜಾರಾಗಬಾರದು ಎಂದೇ ಹೇಳಿದ್ದು. ಡಬ್ಬ ಅಡುಗೆಮನೆಯ ಯಾವುದೋ ಮೂಲೆಯಲ್ಲಿ ಮುಚ್ಚಳ ತೆಗೆಯದೆ ಕುಳಿತಿರುತ್ತದೆ. ಎಷ್ಟು ವರ್ಷದಿಂದ ಹೀಗೆ ಕುಳಿತಿದೆಯೋ! ಯಾರಿಗೋಸ್ಕರ ಈ ಮೈ ಹಣ್ಣಾಯಿತು ಎಂದು ಕಟ್ಟೆ ಹಿಡಿದುಕೊಂಡು ನಿಂತರು.

ಸಿಟ್ಟಿತ್ತು, ಆದರೆ ಜಗಳಕ್ಕೆ ಬೇಕಾದ ಶಕ್ತಿ ಇರಲಿಲ್ಲ. ಸೋಫಾದ ಮೇಲೆ ಕುಳಿತು ಗ್ರೂಪಿನಲ್ಲಿ ಬರೆದರು: "ಮುಂದಿನ ವರ್ಷದಿಂದ ನನ್ನ ಕೈಲಿ ಬಿಸ್ಕತ್ತು ಮಾಡಲು ಆಗುವುದಿಲ್ಲ. ಎಲ್ಲರೂ ಕ್ಷಮಿಸಬೇಕು." ಕಳಿಸಿ, ಎದೆ ಹಿಡಿದುಕೊಂಡು ಕಾದರು. ಕುಮುದಾ ಕೂಗಾಡಬಹುದು, ಸುರಭಿ ಮುನಿಸಿಕೊಳ್ಳಬಹುದು, ಯಾರಾದರೂ ಒಬ್ಬರು ಅಯ್ಯೋ ಎನ್ನಬಹುದು.

ಕಾಫಿ ಆರುವ ಮೊದಲೇ ಉತ್ತರಗಳು ಬಂದವು. "ಓಕೆ ಆಂಟಿ, ಟೇಕ್ ರೆಸ್ಟ್." ಕೈ ಮುಗಿದ ಚಿತ್ರ. ಹೆಬ್ಬೆರಳಿನ ಚಿತ್ರ. "ಹೆಲ್ತ್ ಮುಖ್ಯ ಅಕ್ಕಾ," ಎಂದು ಕುಮುದಾ. "ಒಳ್ಳೇ ಡಿಸಿಷನ್ ಅಮ್ಮಾ," ಎಂದು ಸುರಭಿ. ಅದರ ಕೆಳಗೆ ಯಾರೋ ತಮ್ಮ ಮನೆಯ ಕೃಷ್ಣವೇಷದ ಮಗುವಿನ ಫೋಟೋ ಹಾಕಿದರು, ಎಲ್ಲರೂ "ಸೋ ಕ್ಯೂಟ್" ಎನ್ನುತ್ತಾ ಅತ್ತ ಹೋದರು.

ಇಷ್ಟೇನಾ? ಬೇಡ ಎನ್ನಲು ಎಷ್ಟು ಹೆದರಿದ್ದರು, ಎಷ್ಟು ರಾತ್ರಿ ಮಾತು ಜೋಡಿಸಿಕೊಂಡಿದ್ದರು! ಬಿಡುಗಡೆ ಸಿಕ್ಕಿತ್ತು ನಿಜ. ಇಷ್ಟು ಸಲೀಸಾಗಿ ಸಿಗಬಾರದಿತ್ತು ಎಂದು ಅಳು ಬಂತು. ರಾಮಪ್ರಸಾದರು ಪೇಪರ್ ಕೆಳಗಿಟ್ಟು, "ಯಾಕೇ, ಭುಜ ನೋಯ್ತಿದ್ಯಾ?" ಎಂದರು. "ಹೂಂರೀ, ಭುಜ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆಗ ಮತ್ತೆ ಫೋನು. ಯಡಿಯೂರಿನ ಸುಧಾಮಣಿ. ಟೆಲಿಫೋನ್ ಆಫೀಸಿನಲ್ಲಿ ಪಕ್ಕದ ಕುರ್ಚಿಯವಳು, ಮದುವೆಯಾಗದೆ ಒಬ್ಬಳೇ ಉಳಿದವಳು, ಫ್ಯಾಮಿಲಿ ಗ್ರೂಪಿನಲ್ಲಿ ಇಲ್ಲದವಳು.

"ಏನೇ ಪಂಕಜಾ, ಬಿಸ್ಕತ್ತಿಗೆ ಉಪ್ಪಿನ ಡಬ್ಬಾನೇ ಬೋರಲು ಹಾಕಿದ್ಯಾ? ನನ್ನ ಕೊಲ್ಲೋ ಯೋಚನೆ ಇದ್ರೆ ಮೊದ್ಲೇ ಹೇಳ್ಬಾರ್ದಾ?"

ಪಂಕಜಮ್ಮನಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ನೀನು ತಿಂದ್ಯಾ ಸುಧಾ?"

"ತಿನ್ನದೆ ಇನ್ನೇನು ಮಾಡ್ಲಿ, ಪೂಜೆ ಮಾಡ್ಲಾ? ಬೆಳಗ್ಗೆ ಒಂದು ಕಚ್ಚಿ ಹೌಹಾರಿಬಿಟ್ಟೆ. ಮಧ್ಯಾಹ್ನ ಉಪ್ಪು ಹಾಕ್ದೆ ಮೊಸರನ್ನ ಕಲಸ್ಕೊಂಡು ಅದಕ್ಕೆ ನೆಂಚ್ಕೊಂಡೆ. ಚೆನ್ನಾಗೇ ಇತ್ತು. ನಾಳೆಗೂ ಆಗುತ್ತೆ."

"ಬಿಸಾಕೇ, ಬಿಪಿ ಬರುತ್ತೆ."

"ಬಿಸಾಕಲ್ಲ. ಅದಿರ್ಲಿ, ನನಗೆ ನಿನ್ ಮೇಲೆ ಕೋಪ ಬಂದಿರೋದು ಉಪ್ಪಿಗಲ್ಲ ಕಣೇ. ಯಾವನೋ ಹೆಲ್ಮೆಟ್ ಹಾಕ್ಕೊಂಡವನ ಕೈಲಿ ಡಬ್ಬ ಕಳಿಸ್ಬಿಟ್ಯಲ್ಲ. ಪ್ರತಿ ಅಷ್ಟಮಿಗೂ ನೀನೇ ಬರ್ತಿದ್ದೆ. ನಾನು ಕಾಫಿಗೆ ಡಿಕಾಕ್ಷನ್ ಇಳಿಸ್ಕೊಂಡು ಕೂತಿದ್ದೆ. ಬಾಗಿಲು ತೆಗೆದ್ರೆ ನೀನಿಲ್ಲ."

ಹೌದಲ್ಲ, ಡಬ್ಬ ತುಂಬುವ ಗಡಿಬಿಡಿಯಲ್ಲಿ ಯಾರ ಮುಖವನ್ನೂ ನೋಡದೆ ತಾನೂ ಹಬ್ಬ ಮುಗಿಸಿಬಿಟ್ಟಿದ್ದೆ ಎಂದು ಪಂಕಜಮ್ಮನಿಗೆ ಆಗ ಹೊಳೆಯಿತು.

"ಸುಸ್ತಾಗಿತ್ತು ಸುಧಾ. ನನಗೆ ತುಂಬಾ ಸಾಕಾಗಿದೆ ಕಣೇ" ಎಂದರು. ಎರಡು ವರ್ಷದಿಂದ ಯಾರ ಹತ್ತಿರವೂ ಆಡಲಾಗದ ಮಾತು, ಸಲೀಸಾಗಿ ಬಂತು.



"ಸಾಕಾದ್ರೆ ಬಿಡೇ. ನಾಳೆ ಆಟೋ ಹತ್ತಿ ಬಾ, ಇಡೀ ದಿನ ಇಲ್ಲೇ ಬಿದ್ಕೊ. ಬರಿಗೈಲಿ ಬರ್ಬೇಕು, ಹೇಳಿದೀನಿ. ಕೈಲಿ ಒಂದು ಡಬ್ಬ ಕಂಡ್ರೂ ನಾನು ಬಾಗಿಲು ತೆಗೆಯಲ್ಲ."

"ಬರ್ತೀನಿ," ಎಂದರು ಪಂಕಜಮ್ಮ.